ಡಿಎಕ್ಸ್ ಕ್ಲಸ್ಟರ್: ಮೊದಲು ಕಿವಿ, ಆಮೇಲೆ ಕಮಾಂಡ್

ಹ್ಯಾಮ್ ರೇಡಿಯೊ ಭಾಷೆಯಲ್ಲಿ ಡಿಎಕ್ಸ್ ಎಂದರೆ ದೂರದ ಕೇಂದ್ರ. ಅಂಥ ಕೇಂದ್ರ ಕೇಳಿಸಿದವರು ಉಳಿದವರಿಗೆ ತಕ್ಷಣ ತಿಳಿಸುವ ಕಂಪ್ಯೂಟರ್ ಜಾಲವೇ ಡಿಎಕ್ಸ್ ಕ್ಲಸ್ಟರ್. ಹಾಗೆ ತಿಳಿಸುವ ಒಂದೊಂದು ಸಾಲೂ ಒಂದು ‘ಸ್ಪಾಟ್’.

ನಮ್ಮ ಕಾಲ್‌ಸೈನ್ ಕೊಟ್ಟು ಒಳಹೋದ ಮೇಲೆ ಆರಂಭಕ್ಕೆ ಮೂರು ಕಮಾಂಡ್ ಸಾಕು. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

1. ಎಸ್‌ಎಚ್/ಡಿಎಕ್ಸ್: ಇತ್ತೀಚಿನ ಸ್ಪಾಟ್‌ಗಳನ್ನು ತೋರಿಸುತ್ತದೆ. ಮುಂದೆ 20 ಎಂದು ಸೇರಿಸಿದರೆ 20 ಸ್ಪಾಟ್ ಬರುತ್ತವೆ.
2. ಡಿಎಕ್ಸ್ 14195, ನಂತರ ಕೇಳಿಸಿದ ಕಾಲ್‌ಸೈನ್: ನಮ್ಮ ಸ್ಪಾಟ್ ಜಾಲಕ್ಕೆ ಸೇರುತ್ತದೆ. ಸಂಖ್ಯೆ ಕಿಲೋಹರ್ಟ್ಸ್‌ನಲ್ಲಿರುತ್ತದೆ; ಇದು 14.195 ಮೆಗಾಹರ್ಟ್ಸ್.
3. ಬೈ: ಹೊರಬರಲು.

ಅಂಕಿಯ ಬಗ್ಗೆ ಎಚ್ಚರವಿರಲಿ. ವಿಯು2 ಭಾರತದ ಮುಖ್ಯ ಭೂಭಾಗ, ವಿಯು4 ಅಂಡಮಾನ್-ನಿಕೋಬಾರ್, ವಿಯು7 ಲಕ್ಷದ್ವೀಪ. 2ರ ಬದಲು 4 ಒತ್ತಿದರೆ ಎಷ್ಟೋ ದೇಶಗಳ ಹ್ಯಾಮ್‌ಗಳು ಇಲ್ಲದ ದ್ವೀಪವನ್ನು ಹುಡುಕುತ್ತಾರೆ.

2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಿಂದ ವಿಯು4 ಕಾಲ್‌ಸೈನ್‌ನಲ್ಲಿ ಮಾತನಾಡುತ್ತಿತ್ತು. ಡಿಸೆಂಬರ್ 26ರಂದು ಸುನಾಮಿ ಬಂತು. ಹವ್ಯಾಸಕ್ಕೆ ಒಯ್ದಿದ್ದ ಅದೇ ರೇಡಿಯೊಗಳು ಜನರ ಸುದ್ದಿಯನ್ನು ದ್ವೀಪದಿಂದ ಹೊರಗೆ ಮುಟ್ಟಿಸಿದವು. ಅಂಥ ಹೊತ್ತಿನಲ್ಲಿ ಒಂದು ತಪ್ಪು ಅಂಕಿಗೂ ಬೆಲೆ ತೆರಬೇಕಾಗುತ್ತದೆ.

ಆದ್ದರಿಂದ ಪರದೆಯ ಮೇಲೆ ಕಂಡದ್ದನ್ನು ನಕಲು ಮಾಡಬೇಡಿ. ಕಾಲ್‌ಸೈನನ್ನು ಸ್ವತಃ ಪೂರ್ತಿ ಕೇಳಿಸಿಕೊಂಡು, ಬರೆದುಕೊಂಡು, ಆಮೇಲೆ ಎಂಟರ್ ಒತ್ತಿ.