ತೂಕದ ಚೀಟಿ, ಹಾಲಿನ ಲೆಕ್ಕ, ಹಿಂದುಳಿದ ಮಗು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಕನ್ನಡ ಸಾಲೆಗಳ ಅನುಭವವಿದು. ಬೇರೆ ಕಡೆಗೆ ಎಷ್ಟು ಒಪ್ಪುತ್ತದೆಯೋ ಅಲ್ಲಿಯವರೇ ನೋಡಿಕೊಳ್ಳಲಿ.

1. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿಸಿ. ಎಲ್ಲರೂ ಕೂಡಿ ಓದುವಾಗ ಓದು ಬಾರದವನ ದನಿಯೇ ಎಲ್ಲಕ್ಕಿಂತ ಜೋರು. ಅಕ್ಷರ, ಪದ, ವಾಕ್ಯ, ಸಣ್ಣ ಕತೆ: ಮಗು ಎಲ್ಲಿ ತಡವರಿಸುತ್ತದೋ ಪಾಠ ಅಲ್ಲಿಂದಲೇ ಶುರು. ಅದು ಆರನೇ ತರಗತಿಯಾದರೂ ಸೈ.

2. ಮನೆಯ ಮರಾಠಿಯನ್ನು ಗದರಿಸಬೇಡಿ, ಬಳಸಿಕೊಳ್ಳಿ. ‘ಇಪ್ಪತ್ತೈದು ಬರೆ’ ಎಂದರೆ ನಿಪ್ಪಾಣಿ ಕಡೆಯ ಹುಡುಗಿ 52 ಬರೆದಾಳು. ದಡ್ಡತನವಲ್ಲ ಅದು. ಮನೆಯಲ್ಲಿ ಅವಳು ಎಣಿಸುವುದು ‘ಪಂಚವೀಸ’. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಜೋಳದ ದಂಟಿನ ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಕೈಗೆ ಕೊಡಿ. ಎರಡು ಕಟ್ಟು ಎಡಕ್ಕೆ, ಐದು ಬಿಡಿ ಬಲಕ್ಕೆ ಇಟ್ಟು, ಬಾಯಲ್ಲಿ ಯಾವ ಭಾಷೆಯಲ್ಲಾದರೂ ಹೇಳಲಿ, ಕೈ ತಪ್ಪುವುದಿಲ್ಲ. ಬರವಣಿಗೆಯಲ್ಲೂ ಹೀಗೆಯೇ. ಎ-ಏ, ಒ-ಓ ಎಂಬ ಭೇದ ಮರಾಠಿ ಬರಹದಲ್ಲಿಲ್ಲ, ಹಾಗಾಗಿ ‘ಕೆರೆ’ ಹೋಗಿ ‘ಕೇರೇ’ ಆಗುತ್ತದೆ. ನೂರು ಸಲ ಬರೆಸುವ ಶಿಕ್ಷೆಗಿಂತ, ಗಿಡ್ಡಕ್ಕೆ ಒಂದು ಚಪ್ಪಾಳೆ, ಉದ್ದಕ್ಕೆ ಎರಡು ಎಂದು ಆಡಿಸಿದರೆ ಕಿವಿ ಬೇಗ ಪಳಗುತ್ತದೆ. ಒತ್ತಕ್ಷರಕ್ಕೆ ಹೆಚ್ಚು ದಿನ ಬೇಕು. ನಾಗರಿಯಲ್ಲಿ ಮೊದಲ ಅಕ್ಷರ ಅರ್ಧವಾಗುತ್ತದೆ, ನಮ್ಮಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕ ಬರೆದು ತೋರಿಸಿ.

3. ಲೆಕ್ಕ ಮನೆಯಿಂದ ಬರಲಿ. ಕಬ್ಬಿನ ತೂಕದ ಚೀಟಿಗಿಂತ ಒಳ್ಳೆಯ ಕಳೆಯುವ ಲೆಕ್ಕ ಯಾವ ಪುಸ್ತಕದಲ್ಲಿದೆ? ತುಂಬಿದ ಟ್ರ್ಯಾಕ್ಟರ್ 27,340 ಕಿಲೋ, ಖಾಲಿ 8,865 ಕಿಲೋ. ಅಪ್ಪನಿಗೆ ಎಷ್ಟಕ್ಕೆ ದುಡ್ಡು ಬರಬೇಕು ಎಂದು ಕೇಳಿದರೆ ಹಿಂದಿನ ಸಾಲಿನವನೂ ತಾನಾಗಿ ದಶಕ ತೆಗೆದುಕೊಳ್ಳುತ್ತಾನೆ. ದಶಾಂಶಕ್ಕೆ ಡೇರಿಯ ಪಟ್ಟಿ ಸಾಕು. 4.5 ಲೀಟರ್ ದೊಡ್ಡದೋ, 4.25 ಲೀಟರೋ? ಇಪ್ಪತ್ತೈದು ದೊಡ್ಡದೆಂದು 4.25 ಎನ್ನುವವರೇ ಹೆಚ್ಚು. ಹಾಲು ಅಳೆಯುವ ಮಾಪು ತರಿಸಿ, ನೀರು ಸುರಿಸಿ ನೋಡಿ.

4. ಕಬ್ಬಿನ ಸೀಜನ್ ಶುರುವಾದರೆ ಹಾಜರಿ ಇಳಿಯುವುದು ಗೊತ್ತಿದ್ದದ್ದೇ. 2019ರಲ್ಲಿ ಕೃಷ್ಣೆ ಉಕ್ಕಿದಾಗ ಸಾಲೆಗಳೇ ಪರಿಹಾರ ಕೇಂದ್ರಗಳಾದವು, ಅದರ ಬೆನ್ನಿಗೇ ಕೊರೊನಾ ಬಂತು. ಮರಳಿ ಬಂದ ಮಗು ಬಿಟ್ಟಲ್ಲಿಂದ ಹಿಡಿಯುವಂತಿರಬೇಕು. ನಲಿ-ಕಲಿಯ ಏಣಿಯಲ್ಲಿ ಈ ಸೌಲಭ್ಯ ಮೊದಲೇ ಇತ್ತು. 2022-23ರ ಕಲಿಕಾ ಚೇತರಿಕೆಯ ಹಾಳೆಗಳೂ ಇದಕ್ಕೆ ಒದಗುತ್ತವೆ. ಕಪಾಟಿನಲ್ಲಿ ಉಳಿದಿದ್ದರೆ ಈಗಲಾದರೂ ಹೊರತೆಗೆಯಿರಿ.

5. ಬೇಗ ಕಲಿತವನನ್ನು ನಿಧಾನದವನ ಜೋಡಿ ಮಾಡಿ. ಆದರೆ ತಿಂಗಳಿಗೊಮ್ಮೆ ಜೋಡಿ ಬದಲಿಸದಿದ್ದರೆ ಒಬ್ಬ ಮಾಸ್ತರನಾಗುತ್ತಾನೆ, ಇನ್ನೊಬ್ಬ ನಕಲುಗಾರ.

6. ಹತ್ತನೇ ತರಗತಿಯ ಸಂಜೆ ಪಾಠಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಮೂರನೇ ತರಗತಿಯಲ್ಲಿ ಬಿಟ್ಟದ್ದನ್ನು ಹತ್ತರಲ್ಲಿ ಪ್ರಶ್ನೋತ್ತರದಿಂದ ತುಂಬಲಾಗದು. ಯಾರು ಎಲ್ಲಿ ಹಿಂದಿದ್ದಾರೆಂದು ಮೊದಲೇ ತಿಳಿಸುವ ಸೇತುಬಂಧದ ಪರೀಕ್ಷೆ ಜೂನ್‌ನಲ್ಲಿ ನಡೆದು, ಹಿಂದುಳಿದವರ ಪಟ್ಟಿ ಫೈಲಿಗೆ ಸೇರಿ ಮುಗಿಯುತ್ತದೆ. ಅದೇ ಪಟ್ಟಿಯನ್ನು ದಸರಾ ರಜೆ ಮುಗಿದ ವಾರ ಮತ್ತೆ ಮುಂದಿಟ್ಟುಕೊಂಡು, ಅದೇ ಮಕ್ಕಳನ್ನು ಅದೇ ಪ್ರಶ್ನೆ ಕೇಳಿ. ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರಿಗೂ ಆ ಪಟ್ಟಿ ತೋರಿಸಿ.