ಕೂಸು ಎಲ್ಲಿ ಮಲಗಬೇಕು?

ಯಲಹಂಕದ ಹತ್ತಿರ ಒಂದು ವಠಾರ. ಸಾಲಾಗಿ ಆರು ಮನೆ. ಮೇಲೆ ಶೀಟು. ಒಂದೊಂದು ಮನೆಗೂ ಒಂದೇ ಕೋಣೆ.

ಮೂರನೇ ಮನೆಯಲ್ಲಿ ಬಾಣಂತಿ ಇದ್ದಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಗಂಡನ ಊರು ದಾವಣಗೆರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಹೆಣ್ಣು ಕೂಸು. ಇವತ್ತಿಗೆ 7 ದಿನ.

ಮನೆಯಲ್ಲಿ ಒಂದೇ ಮಾತು. ಕೂಸನ್ನು ಎಲ್ಲಿ ಮಲಗಿಸೋದು?

ಅಜ್ಜಿ ಹೇಳಿದಳು: "ಸೀರೆ ಜೋಲಿ ಕಟ್ಟೋಣ. ನಿನ್ನೂ ಅದರಲ್ಲೇ ಮಲಗಿಸಿದ್ದೆ. ನೀನು ಚೆನ್ನಾಗಿಲ್ವಾ?"

ಬಾಣಂತಿ ಹೇಳಿದಳು: "ಬೇಡಮ್ಮ, ನನ್ನ ಮಗ್ಗುಲಲ್ಲೇ ಮಲಗಲಿ. ರಾತ್ರಿ ಹಾಲು ಕುಡಿಸೋಕೆ ಸುಲಭ."

ತಮ್ಮ ಆಟೋ ಓಡಿಸುತ್ತಾನೆ. ಅವನು ಹೇಳಿದ: "ಅಕ್ಕ, ಆರ್.ಟಿ. ನಗರದ ಅಂಗಡೀಲಿ ಮಡಚೋ ತೊಟ್ಟಿಲು ನೋಡಿದೆ. ಊರಿಗೆ ಹೋಗುವಾಗಲೂ ತಗೊಂಡು ಹೋಗಬಹುದು. ಬೆಲೆ 4,500 ರೂಪಾಯಿ."

"ಅಷ್ಟು ದುಡ್ಡಾ!" ಅಜ್ಜಿ ಬಾಯಿ ಮೇಲೆ ಕೈ ಇಟ್ಟಳು. ಅವತ್ತೇ ತೊಲೆಗೆ ಸೀರೆ ಜೋಲಿ ಕಟ್ಟಿದಳು.

ಆ ಹೊತ್ತಿಗೆ ಆಶಾ ಅಕ್ಕ ಬಂದಳು. ಅವಳು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಆಶಾ ಕಾರ್ಯಕರ್ತೆ 6 ಸಲ ಬರಬೇಕು. 3, 7, 14, 21, 28 ಮತ್ತು 42ನೇ ದಿನ. ಕೂಸಿನ ತೂಕ ನೋಡುತ್ತಾಳೆ. ಹೊಕ್ಕಳು ನೋಡುತ್ತಾಳೆ. ತಾಯಿಯ ಆರೋಗ್ಯ ವಿಚಾರಿಸುತ್ತಾಳೆ.

ಆಶಾ ಅಕ್ಕ ತಕ್ಕಡಿ ತೆಗೆಯುತ್ತಿದ್ದಳು. ಅಷ್ಟರಲ್ಲಿ ಕೊನೆ ಮನೆಯಿಂದ ಕಿರುಚಿದ ಸದ್ದು!

ಕೊನೆ ಮನೆಯಲ್ಲಿ ಏನಾಯಿತು?

ಕೊನೆ ಮನೆಯವರು ರಾಯಚೂರು ಕಡೆಯವರು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಇಬ್ಬರು ಮಕ್ಕಳು. ಚಿಕ್ಕದಕ್ಕೆ ಒಂದು ವರ್ಷ. ದೊಡ್ಡವಳಿಗೆ ಐದು ವರ್ಷ.

ಚಿಕ್ಕ ಮಗುವಿಗೆ ಕಟ್ಟಿದ ಜೋಲಿ ಖಾಲಿ ಇತ್ತು. ದೊಡ್ಡವಳು ಅದರಲ್ಲಿ ಕೂತು ಗಿರಗಿರ ಸುತ್ತಿದಳು. ಸೀರೆ ಹಗ್ಗದಂತೆ ಹುರಿಯಾಯಿತು. ಅವಳ ಕತ್ತಿಗೆ ಬಿಗಿಯಿತು. ಕೂಗಲು ಆಗಲಿಲ್ಲ. ತಾಯಿ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ಒಳಗೆ ಬಂದವಳೇ ನೋಡಿ ಕಿರುಚಿದಳು.

ತಮ್ಮ ಓಡಿಹೋಗಿ ಹುಡುಗಿಯನ್ನು ಎತ್ತಿ ಹಿಡಿದ. ಆಶಾ ಅಕ್ಕ ಸೀರೆ ಕತ್ತರಿಸಿದಳು. ಹುಡುಗಿ ಕೆಮ್ಮಿದಳು. ಆಮೇಲೆ ಅತ್ತಳು. ಅಳು ಕೇಳಿ ಎಲ್ಲರಿಗೂ ಜೀವ ಬಂದಂತಾಯಿತು.

"ಅತ್ತಳು, ಸರಿಹೋಯ್ತು ಅಂತ ಬಿಡಬೇಡಿ" ಎಂದಳು ಆಶಾ ಅಕ್ಕ. "ಕತ್ತು ಬಿಗಿದಿದೆ. ಒಳಗೆ ಊತ ಬರಬಹುದು. ಆಸ್ಪತ್ರೆಗೆ ತೋರಿಸಲೇಬೇಕು."

108ಕ್ಕೆ ಫೋನ್ ಮಾಡಿದರು. ಹುಡುಗಿ ಆ ರಾತ್ರಿ ಆಸ್ಪತ್ರೆಯಲ್ಲೇ ಇದ್ದಳು. ಮಾರನೆ ದಿನ ಮನೆಗೆ ಬಂದಳು.

ಐದು ನಿಮಿಷ ತಡವಾಗಿದ್ದರೆ? ಇಂಥ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಎಲ್ಲ ಮಕ್ಕಳೂ ಈ ಹುಡುಗಿಯಂತೆ ಮನೆಗೆ ಬರುವುದಿಲ್ಲ.

ಅಜ್ಜಿ ಮಾತಾಡಲಿಲ್ಲ. ಮನೆಗೆ ಬಂದು ತಾನು ಕಟ್ಟಿದ ಜೋಲಿ ಬಿಚ್ಚಿದಳು. ಸೀರೆ ಮಡಚಿ ಪೆಟ್ಟಿಗೆಯಲ್ಲಿ ಇಟ್ಟಳು.

ಅಜ್ಜಿಯ ಪ್ರಶ್ನೆಗಳು

ಮಾರನೆ ದಿನ ಆಶಾ ಅಕ್ಕ ಮತ್ತೆ ಬಂದಳು. ಅಜ್ಜಿ ಅವಳನ್ನು ಕೂರಿಸಿಕೊಂಡಳು.

"ಅಲ್ಲ ಕಣಮ್ಮ, ನಮ್ಮ ಕಾಲದಿಂದ ಜೋಲೀಲೇ ಮಕ್ಕಳು ಬೆಳೆದವು. ಈಗೇನು ಬಂತು ದೋಷ?"

"ಬೆಳೆದವು ಅಜ್ಜಿ, ಸುಳ್ಳಲ್ಲ. ಆದರೆ ಜೋಲಿಯಲ್ಲಿ ಕೂಸಿನ ಬೆನ್ನು ಬಾಗುತ್ತದೆ. ಗಲ್ಲ ಎದೆಗೆ ಒತ್ತುತ್ತದೆ. ಎಳೆ ಕೂಸಿನ ಉಸಿರಿನ ಕೊಳವೆ ಮೆತ್ತಗೆ ಇರುತ್ತದೆ. ಕತ್ತು ಮಡಚಿದರೆ ಅದೂ ಮಡಚುತ್ತದೆ. ಬಟ್ಟೆ ಮೂಗಿಗೆ ಬಂದರೆ ತಳ್ಳಲು ಕೂಸಿಗೆ ಶಕ್ತಿ ಇಲ್ಲ."

"ಹಾಗಾದರೆ ಜೋಲಿ ಕಟ್ಟಲೇಬಾರದಾ?"

"ಅಳು ನಿಲ್ಲಿಸೋಕೆ ಸ್ವಲ್ಪ ಹೊತ್ತು ತೂಗಿ. ನೀವು ಪಕ್ಕದಲ್ಲೇ ಕೂತಿರಬೇಕು. ನಿದ್ದೆ ಹತ್ತಿದ ಮೇಲೆ ಸಮ ಹಾಸಿಗೆಗೆ ಇಳಿಸಿ. ಕೂಸು ಇಳಿದ ಕೂಡಲೇ ಜೋಲಿ ಬಿಚ್ಚಿಡಿ. ಖಾಲಿ ಜೋಲಿ ದೊಡ್ಡ ಮಕ್ಕಳಿಗೆ ಉರುಳು."

"ಸರಿ. ಬೋರಲು ಮಲಗಿಸಿದರೆ ಕೂಸು ಚೆನ್ನಾಗಿ ನಿದ್ದೆ ಮಾಡುತ್ತಲ್ಲ?"

"ಬೇಡ ಅಜ್ಜಿ. ಬೋರಲು ಮಲಗಿದರೆ ಮೂಗು ಹಾಸಿಗೆಗೆ ಒತ್ತುತ್ತದೆ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅಂಗಾತ ಮಲಗಿಸಿ. ಹಗಲಾಗಲಿ, ರಾತ್ರಿಯಾಗಲಿ ಅಂಗಾತವೇ."

"ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತೋದಿಲ್ವಾ?"

ಇದು ಒಳ್ಳೆಯ ಪ್ರಶ್ನೆ. ಆಶಾ ಅಕ್ಕ ಎರಡು ಬೆರಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಳು. "ಕೂಸು ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ ಇರುತ್ತದೆ. ಅನ್ನದ ಕೊಳವೆ ಕೆಳಗೆ. ಮೇಲೆ ಬಂದ ಹಾಲು ಕೆಳಗಿನ ಕೊಳವೆಗೇ ಇಳಿಯುತ್ತದೆ. ಬೋರಲು ಮಲಗಿದರೆ ಇದು ತಿರುಗುಮುರುಗು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗಿಸಿ. ಆಮೇಲೆ ಮಲಗಿಸಿ."

ಇದು ಬರೀ ಬಾಯಿಮಾತಲ್ಲ. 1991ರಲ್ಲಿ ಇಂಗ್ಲೆಂಡಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ 'ಕೂಸನ್ನು ಅಂಗಾತ ಮಲಗಿಸಿ' ಎಂದು ಮನೆಮನೆಗೂ ತಿಳಿಸಿದರು. ಆಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುವ ಕೂಸುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಔಷಧಿ ಬೇಕಾಗಲಿಲ್ಲ. ಮಲಗಿಸುವ ರೀತಿ ಬದಲಾಯಿತು, ಅಷ್ಟೆ.

ದುಡ್ಡಿಲ್ಲದ ಹಾಸಿಗೆ

"ಹಾಗಾದರೆ 4,500 ರೂಪಾಯಿ ಕೊಡಲೇಬೇಕಾ?" ಎಂದು ಬಾಣಂತಿ ಕೇಳಿದಳು.

"ಬೇಕಾಗಿಲ್ಲ. ಕೂಸಿಗೆ ಬೇಕಾದದ್ದು ಮೂರು. ಸಮ ಜಾಗ. ಗಟ್ಟಿ ಹಾಸು. ಖಾಲಿ ಹಾಸಿಗೆ."

ಆಶಾ ಅಕ್ಕ ಮನೆಯಲ್ಲಿದ್ದ ಚಾಪೆ ಹಾಸಿದಳು. ಅದರ ಮೇಲೆ ಜಮಖಾನ ಮಡಚಿ ಹಾಕಿದಳು. ಮೇಲೆ ಒಂದು ತೆಳು ಬಟ್ಟೆಯನ್ನು ಬಿಗಿಯಾಗಿ ಹೊದಿಸಿದಳು. ಅಂಗೈಯಿಂದ ಒತ್ತಿ ನೋಡಿದಳು. ಕೈ ಹೂತುಹೋಗಲಿಲ್ಲ.

"ಇದು ಕೂಸಿನ ಜಾಗ. ನಿಮ್ಮ ಹಾಸಿಗೆಯಿಂದ ಒಂದು ಕೈ ದೂರ. ಅದೇ ಕೋಣೆ, ಆದರೆ ಬೇರೆ ಹಾಸಿಗೆ. ಹಾಲು ಕುಡಿಸಲು ಎತ್ತಿಕೊಳ್ಳಿ. ಆಮೇಲೆ ಅದರ ಜಾಗಕ್ಕೇ ಮಲಗಿಸಿ. ದೊಡ್ಡವರ ರಗ್ಗು, ಮೈಭಾರ ಕೂಸಿನ ಮೇಲೆ ಬೀಳಬಾರದು. ಕುಡಿದವರು, ಬೀಡಿ ಸೇದುವವರು ಅದರ ಮಗ್ಗುಲಲ್ಲಿ ಮಲಗಲೇಬಾರದು."

ಅಜ್ಜಿ ಒಂದು ಪುಟ್ಟ ದಿಂಬು ತಂದಳು. ಒಳಗೆ ಸಾಸಿವೆ ತುಂಬಿತ್ತು. "ತಲೆ ದುಂಡಗಾಗಲಿ ಅಂತ ಹೊಲಿದೆ."

"ಪ್ರೀತಿಯಿಂದ ಹೊಲಿದಿದ್ದೀರಿ ಅಜ್ಜಿ. ಆದರೆ ಒಂದು ವರ್ಷದ ತನಕ ದಿಂಬು ಬೇಡ. ದಿಂಬಿನ ಮೇಲೆ ತಲೆ ಇಟ್ಟರೆ ಗಲ್ಲ ಎದೆಗೆ ಬರುತ್ತದೆ. ಹೊಲಿಗೆ ಬಿಚ್ಚಿದರೆ ಸಾಸಿವೆ ಕೂಸಿನ ಬಾಯಿಗೆ, ಮೂಗಿಗೆ ಹೋಗುತ್ತದೆ. ತಲೆ ದುಂಡಗಾಗಲು ಬೇರೆ ದಾರಿ ಇದೆ. ಕೂಸು ಎಚ್ಚರ ಇದ್ದಾಗ, ನಿಮ್ಮ ಕಣ್ಣ ಮುಂದೆ ಸ್ವಲ್ಪ ಹೊತ್ತು ಬೋರಲು ಬಿಟ್ಟು ಆಡಿಸಿ."

"ಡಿಸೆಂಬರಿನ ಚಳಿಗೆ ಕೆಂಡ ಇಡಬಹುದಲ್ವಾ?"

"ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಡಬಾರದು. ಅದರಿಂದ ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೂಸಿಗೂ ಅಪಾಯ, ಬಾಣಂತಿಗೂ ಅಪಾಯ. ಸಾಂಬ್ರಾಣಿ ಹೊಗೆಯೂ ಬೇಡ. ನಾವು ಹಾಕಿಕೊಂಡದ್ದಕ್ಕಿಂತ ಒಂದು ಬಟ್ಟೆ ಹೆಚ್ಚು ಹಾಕಿ, ಸಾಕು. ಎದೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆವರಿದ್ದರೆ ಬಟ್ಟೆ ಹೆಚ್ಚಾಯಿತು."

ತೊಟ್ಟಿಲು ಕೊಳ್ಳುವ ಮುಂಚೆ

ತಮ್ಮನಿಗೆ ಮಾತ್ರ ಆಸೆ ಬಿಡಲಿಲ್ಲ. "ಅಕ್ಕನ ಕೂಸಿಗೆ ಸೋದರಮಾವ ಕೊಡಬೇಕು" ಎಂದ.

"ಕೊಡಪ್ಪ. ಆದರೆ ನೋಡಿ ಕೊಡು" ಎಂದಳು ಆಶಾ ಅಕ್ಕ. ಅವಳು ಹೇಳಿದ್ದನ್ನು ತಮ್ಮ ಚೀಟಿಯಲ್ಲಿ ಬರೆದುಕೊಂಡ.

1. ಕಂಬಿ ಅಥವಾ ಪಟ್ಟಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಸಂದು ಹೆಚ್ಚಿದ್ದರೆ ಕೂಸಿನ ಮೈ ಜಾರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಸ್ಕೇಲು ಇಟ್ಟು ಅಳೆಯಿರಿ.

2. ಹಾಸಿಗೆ ಗಟ್ಟಿಯಾಗಿ, ಸಮವಾಗಿ ಇರಬೇಕು. ಹಾಸಿಗೆಗೂ ಬದಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು.

3. ಮಡಚುವ ತೊಟ್ಟಿಲಿನ ಕೊಂಡಿ ಸರಿಯಾಗಿ ಕೂರಬೇಕು. ಅಲುಗಾಡಿಸಿ ನೋಡಿ. ಬಲೆ ಹರಿದಿರಬಾರದು. ಅದರ ಜೊತೆ ಬಂದ ಹಾಸಿಗೆಯೇ ಸಾಕು. ಮೇಲೆ ಇನ್ನೊಂದು ಹಾಸಿಗೆ ಹಾಕಬೇಡಿ.

4. ಮಂಚದ ಪಕ್ಕಕ್ಕೆ ಸೇರಿಸುವ ತೊಟ್ಟಿಲಾದರೆ ಮಂಚಕ್ಕೆ ಬಿಗಿಯಾಗಿ ಕಟ್ಟಬೇಕು. ನಡುವೆ ಸಂದು ಬಿಡಬಾರದು. ಕೂಸು ಕೈ ಮಂಡಿ ಊರಿ ಏಳಲು ಶುರು ಮಾಡಿದರೆ ಅದನ್ನು ಬಿಡಬೇಕು.

5. ಸ್ಪ್ರಿಂಗ್ ತೊಟ್ಟಿಲಿನ ಕೊಕ್ಕೆ ಸವೆದಿದೆಯೇ ನೋಡಿ. ಅದೂ ಬಟ್ಟೆಯ ಜೋಲಿಯೇ. ರಾತ್ರಿಯಿಡೀ ಅದರಲ್ಲಿ ಮಲಗಿಸಬೇಡಿ.

6. ಒಳಗೆ ಮೆತ್ತೆ, ಗೊಂಬೆ, ದಾರ ಬೇಡ. ಸುತ್ತ ಕಟ್ಟುವ ಮೆತ್ತೆಯನ್ನೂ, ಇಳಿಜಾರಾಗಿ ಮಲಗಿಸುವ ಹಾಸಿಗೆಯನ್ನೂ ಮಾರಬಾರದು ಎಂದು ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿದರು.

ಅಂಗಡಿಯ ತೊಟ್ಟಿಲಿನ ಕೊಂಡಿ ಸರಿಯಾಗಿ ಕೂರಲಿಲ್ಲ. ತಮ್ಮ ಅದನ್ನು ಕೊಳ್ಳಲಿಲ್ಲ. ಒಂದು ಒಳ್ಳೆಯ ಸೊಳ್ಳೆ ಪರದೆ ತಂದ. ಪರದೆ ಕೂಸಿನ ಮುಖಕ್ಕೆ ತಾಗದಂತೆ ಎತ್ತರಕ್ಕೆ ಕಟ್ಟಿದ.

ರೈಲಿನಲ್ಲಿ ಕೂಸು

ಮೂರು ತಿಂಗಳಾಯಿತು. ಗಂಡ ಕರೆದುಕೊಂಡು ಹೋಗಲು ಬಂದ. ಯಶವಂತಪುರದಲ್ಲಿ ಹಗಲಿನ ರೈಲು ಹತ್ತಿದರು. ಅಜ್ಜಿಯೂ ಜೊತೆಗೆ ಹೊರಟಳು.

ಎದುರು ಸೀಟಿನವರು ಮೇಲಿನ ಬರ್ತಿನ ಸರಪಳಿಗೆ ಸೀರೆ ಕಟ್ಟಿ ಜೋಲಿ ಮಾಡಲು ಹೊರಟರು. ಅಜ್ಜಿ ತಡೆದಳು. "ಬೇಡಮ್ಮ. ರೈಲು ಬ್ರೇಕ್ ಹಾಕಿದರೆ ಕೂಸು ಕಂಬಿಗೆ ಬಡಿಯುತ್ತೆ. ಗಂಟು ಬಿಚ್ಚಿದರೆ ಕೆಳಗೆ ಬೀಳುತ್ತೆ." ಕೊನೆ ಮನೆಯ ಹುಡುಗಿಯ ಕತೆಯನ್ನೂ ಹೇಳಿದಳು.

ಇವರು ಕೆಳಗಿನ ಸೀಟಿನಲ್ಲಿ ಕೂತರು. ಸರದಿಯ ಮೇಲೆ ಕೂಸನ್ನು ಎತ್ತಿಕೊಂಡರು. ಒಬ್ಬರಿಗೆ ತೂಕಡಿಕೆ ಬಂದರೆ ಇನ್ನೊಬ್ಬರ ಕೈಗೆ ಕೊಟ್ಟರು. ಕೂಸಿನ ಮುಖ ಸೆರಗಿನಿಂದ ಮುಚ್ಚಲಿಲ್ಲ.

ರೈಲಿನಲ್ಲಿ ಕೂಸಿಗೇ ಒಂದು ಪುಟ್ಟ ಬರ್ತ್ ಇದ್ದರೆ? ಉತ್ತರ ರೈಲ್ವೆಯವರು 2022ರ ಮೇ ತಿಂಗಳಲ್ಲಿ ಲಕ್ನೋ ಮೇಲ್ ಎಂಬ ರೈಲಿನಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಕೆಳಗಿನ ಬರ್ತಿಗೆ ಪುಟ್ಟ ಬರ್ತ್ ಸೇರಿಸಿದ್ದರು. ಕೂಸು ಜಾರದಂತೆ ಪಟ್ಟಿಯೂ ಇತ್ತು.

ಹಳೆಯ ತೊಟ್ಟಿಲು

ಗಂಡನ ಮನೆಯಲ್ಲಿ ಒಂದು ಮರದ ತೊಟ್ಟಿಲು ಇತ್ತು. ಧಾರವಾಡ ಜಿಲ್ಲೆಯ ಕಲಘಟಗಿಯದು. ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರುವಾಸಿ. ಈ ತೊಟ್ಟಿಲಿನಲ್ಲಿ ಗಂಡನೂ ಮಲಗಿದ್ದ, ಮಾವನೂ ಮಲಗಿದ್ದರು.

ಸೊಸೆ ಸ್ಕೇಲು ತಂದಳು. ಅಳೆದಳು. ಪಟ್ಟಿಗಳ ನಡುವೆ 8 ಸೆಂಟಿಮೀಟರ್!

"ಅತ್ತೆ, ನಿಮ್ಮ ಮನೆ ತೊಟ್ಟಿಲು ಚೆಂದ ಇದೆ. ಶಾಸ್ತ್ರಕ್ಕೆ ಹಾಕೋಣ. ಆದರೆ ರಾತ್ರಿ ಇದರಲ್ಲಿ ಬೇಡ. ಬಣ್ಣವೂ ಎದ್ದಿದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದಂತೆ. ಕೂಸು ನೆಕ್ಕಿದರೆ ವಿಷ."

ಬಣ್ಣದಲ್ಲಿ ಸೀಸ ಹೆಚ್ಚು ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಳೆಯ ಬಣ್ಣದ ಸಾಮಾನಿನ ಬಗ್ಗೆ ಎಚ್ಚರ ಬೇಕು.

ಅತ್ತೆಗೆ ಮೊದಲು ಮುನಿಸು ಬಂತು. ಅಜ್ಜಿ ಪಕ್ಕದಲ್ಲಿ ಕೂತು ಯಲಹಂಕದಲ್ಲಿ ನಡೆದದ್ದನ್ನು ಹೇಳಿದಳು. ಅತ್ತೆ ಕೇಳಿದರು. ಎದ್ದುಹೋಗಿ ಅವರೇ ಚಾಪೆ ತಂದು ಹಾಸಿದರು.

ನಾಮಕರಣದ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರೆಲ್ಲ ಜೋಗುಳ ಹಾಡಿದರು. ರಾತ್ರಿ ಕೂಸು ತನ್ನ ಚಾಪೆಯಲ್ಲಿ ಅಂಗಾತ ಮಲಗಿತ್ತು. ಒಂದು ಕೈ ದೂರದಲ್ಲಿ ತಾಯಿ ಮಲಗಿದ್ದಳು.

ಕೆಲಸದ ಜಾಗದಲ್ಲಿ

ಕೊನೆ ಮನೆಯ ತಾಯಿಗೆ ಇನ್ನೊಂದು ಕಷ್ಟ. ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗುವುದು ಹೇಗೆ? ಯಲಹಂಕ, ಹೆಬ್ಬಾಳದ ಸುತ್ತ ಎಷ್ಟೋ ಕಟ್ಟಡ ಏಳುತ್ತಿವೆ. ಕೆಲಸದ ಜಾಗದಲ್ಲಿ ಮರಕ್ಕೆ ಜೋಲಿ ಕಟ್ಟಿ ಕಲ್ಲು ಮಣ್ಣು ಹೊರುವ ತಾಯಂದಿರು ಇದ್ದಾರೆ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಕೋಣೆ ಇರಬೇಕು ಎಂದು 1996ರ ಕಟ್ಟಡ ಕೆಲಸಗಾರರ ಕಾನೂನಿನಲ್ಲೇ ಬರೆದಿತ್ತು. ಕೂಸಿನ ಮನೆ ಕೇಳುವುದು ಭಿಕ್ಷೆ ಅಲ್ಲ. ಹತ್ತು ತಾಯಂದಿರು ಒಟ್ಟಾಗಿ ಮೇಸ್ತ್ರಿಯನ್ನು ಕೇಳಬಹುದು. ಮೂರು ವರ್ಷ ಆದ ಮಕ್ಕಳನ್ನು ಅಂಗನವಾಡಿಗೆ ಕಳಿಸಬಹುದು.

ನೆನಪಿಡಿ

ಅಂಗಾತ ಮಲಗಿಸಿ.
ಗಟ್ಟಿ ಹಾಸು ಹಾಸಿ.
ದಿಂಬು ಬೇಡ, ಮೆತ್ತೆ ಬೇಡ.
ಒಂದೇ ಕೋಣೆ, ಬೇರೆ ಹಾಸಿಗೆ.
ಖಾಲಿ ಜೋಲಿ ಬಿಚ್ಚಿಡಿ.
ಅಪಾಯ ಆದರೆ 108ಕ್ಕೆ ಫೋನ್ ಮಾಡಿ.

ಓದಿ, ಉತ್ತರ ಹೇಳಿ

1. ಕೊನೆ ಮನೆಯ ಹುಡುಗಿಗೆ ಏನಾಯಿತು? ಅದು ಆಗದಂತೆ ಏನು ಮಾಡಬಹುದಿತ್ತು?
2. ಅಂಗಾತ ಮಲಗಿದ ಕೂಸಿಗೆ ಹಾಲು ನೆತ್ತಿಗೆ ಹತ್ತುವುದಿಲ್ಲ. ಏಕೆ?
3. ಅಜ್ಜಿ ರೈಲಿನಲ್ಲಿ ಜೋಲಿ ಕಟ್ಟುವವರನ್ನು ಏಕೆ ತಡೆದಳು?

ಲೆಕ್ಕ ಮಾಡಿ

1. ಸಂದು 6 ಸೆಂಟಿಮೀಟರ್ ಇರಬಹುದು. ಹಳೆಯ ತೊಟ್ಟಿಲಿನಲ್ಲಿ 8 ಇದೆ. ಎಷ್ಟು ಹೆಚ್ಚು?
2. ಕೂಸು ಹುಟ್ಟಿದಾಗ 2 ಕಿಲೋ 800 ಗ್ರಾಂ ಇತ್ತು. 42ನೇ ದಿನ 4 ಕಿಲೋ ಆಯಿತು. ಎಷ್ಟು ಬೆಳೆಯಿತು?

ಕೂತು ಮಾತಾಡಿ

ನಿಮ್ಮ ಬೀದಿಯಲ್ಲಿ ಎಳೆ ಕೂಸು ಇರುವ ಮನೆ ಯಾವುದು? ಈ ಪಾಠವನ್ನು ಆ ಮನೆಯವರಿಗೆ ಓದಿ ಹೇಳಿ.