ಕೆಲಸದ ಸ್ಥಳದಲ್ಲಿ ಕುಂಡದ ಗಿಡ: ಲಾಭವೆಷ್ಟು, ಆರೈಕೆ ಹೇಗೆ?

ಹೊಸಪೇಟೆ, ಚಿತ್ತವಾಡ್ಗಿಗಳ ಅನೇಕ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಗಾಜಿನ ಬಾಟಲಿಯೊಂದರಲ್ಲಿ ಮನಿ ಪ್ಲಾಂಟ್ ಬಳ್ಳಿಯನ್ನು ಇಟ್ಟಿರುವುದು ಕಾಣುತ್ತದೆ. ಬಳ್ಳಿ ಹಬ್ಬಿದಂತೆ ವ್ಯಾಪಾರವೂ ಹಬ್ಬುತ್ತದೆ ಎಂಬುದು ವಾಡಿಕೆಯ ನಂಬಿಕೆ. ಇದರ ಜೊತೆಗೆ, ಗಿಡವಿಟ್ಟರೆ ಕೋಣೆಯ ಗಾಳಿ ತಾನಾಗಿಯೇ ಶುದ್ಧವಾಗುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇತ್ತೀಚಿನ ವರ್ಷಗಳಲ್ಲಿ ಸೇರಿಕೊಂಡಿದೆ. ಮೊದಲನೆಯ ನಂಬಿಕೆಯಿಂದ ಯಾರಿಗೂ ಹಾನಿಯಿಲ್ಲ. ಎರಡನೆಯದರ ವಿಷಯದಲ್ಲಿ ಮಾತ್ರ ಮಾಲೀಕರು ಎಚ್ಚರ ವಹಿಸಬೇಕಾಗಿದೆ. ಏಕೆಂದರೆ ಅದು ಕೆಲಸಗಾರರ ಆರೋಗ್ಯಕ್ಕೆ ಸಂಬಂಧಿಸಿದ್ದು.

ಗಾಳಿ ಶುದ್ಧಿಯ ಲೆಕ್ಕ

ಈ ನಂಬಿಕೆಯ ಮೂಲ 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಬಿ. ಸಿ. ವುಲ್ವರ್ಟನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಮೊದಲಾದ ಗಿಡಗಳು ಬೆಂಜೀನ್, ಫಾರ್ಮಾಲ್ಡಿಹೈಡ್‌ನಂತಹ ಅನಿಲಗಳನ್ನು ಕಡಿಮೆ ಮಾಡುತ್ತವೆ ಎಂದು ಅದು ತೋರಿಸಿತು. ಆದರೆ ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಬಾಗಿಲು ಕಿಟಕಿಗಳಿರುವ ಅಂಗಡಿಯ ಸ್ಥಿತಿಯೇ ಬೇರೆ.

2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಎಂಬ ಸಂಶೋಧಕರು ಇಂತಹ ಹಲವು ಪ್ರಯೋಗಗಳ ಅಂಕಿಗಳನ್ನು ಮತ್ತೆ ಪರಿಶೀಲಿಸಿದರು. ಸಾಮಾನ್ಯ ಕಟ್ಟಡದಲ್ಲಿ ಗಾಳಿಯ ಓಡಾಟದಿಂದ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದಲೇ ಪಡೆಯಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕು ಎಂಬುದು ಅವರ ಲೆಕ್ಕ. ಹತ್ತು ಅಡಿ ಉದ್ದಗಲದ ಕೋಣೆಯೊಂದು ಸುಮಾರು 9.3 ಚದರ ಮೀಟರ್ ಆಗುತ್ತದೆ. ಅತಿ ಕಡಿಮೆ ಲೆಕ್ಕ ಹಿಡಿದರೂ ಅಲ್ಲಿ 93 ಕುಂಡಗಳಿರಬೇಕು. ಆಗ ಮಾಲೀಕ ಕುಳಿತುಕೊಳ್ಳಲು ಜಾಗವಿರುವುದಿಲ್ಲ!

ಆದ್ದರಿಂದ ಆಲೆಮನೆಯ ಹೊಗೆ, ಅಕ್ಕಿ ಗಿರಣಿಯ ತೌಡಿನ ಧೂಳು, ಬಣ್ಣದ ಕೆಲಸದ ವಾಸನೆ ಇವುಗಳಿಗೆ ಕುಂಡದ ಗಿಡ ಪರಿಹಾರವಲ್ಲ. ಅಲ್ಲಿ ಬೇಕಾದದ್ದು ಎದುರುಬದುರು ಕಿಟಕಿ, ಹೊಗೆಯನ್ನು ಹೊರಹಾಕುವ ಎಕ್ಸಾಸ್ಟ್ ಫ್ಯಾನ್, ಧೂಳು ಏಳುವಲ್ಲಿಯೇ ಅದನ್ನು ತಡೆಯುವ ಏರ್ಪಾಡು ಮತ್ತು ಕೆಲಸಗಾರರಿಗೆ ಯೋಗ್ಯವಾದ ಮುಖಗವಸು. ಗಾಳಿಯ ವ್ಯವಸ್ಥೆ ಮತ್ತು ಧೂಳು ಹೊಗೆಗಳ ನಿವಾರಣೆ ಮಾಲೀಕನ ಹೊಣೆ ಎಂಬುದನ್ನು 1948ರ ಕಾರ್ಖಾನೆಗಳ ಕಾಯ್ದೆಯೇ ತನ್ನ 13 ಮತ್ತು 14ನೆಯ ಕಲಮುಗಳಲ್ಲಿ ವಿಧಿಸಿತ್ತು. ಆ ಹೊಣೆಯನ್ನು ಗಿಡದ ಮೇಲೆ ಹೊರಿಸಲಾಗದು.

ಹಾಗಾದರೆ ಲಾಭವೇನು?

ಗಿಡದಿಂದ ಸಿಗುವ ನಿಜವಾದ ಲಾಭ ಕೆಲಸ ಮಾಡುವವರ ಕಣ್ಣಿಗೆ ಮತ್ತು ಮನಸ್ಸಿಗೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವರ್ಜೀನಿಯಾ ಲೋರ್ ಮತ್ತು ಸಂಗಡಿಗರು 1996ರಲ್ಲಿ ಕಿಟಕಿಯಿಲ್ಲದ ಕಂಪ್ಯೂಟರ್ ಕೋಣೆಯೊಂದರಲ್ಲಿ ಪ್ರಯೋಗ ನಡೆಸಿದರು. ಗಿಡಗಳಿದ್ದಾಗ ಕೆಲಸ ಮಾಡಿದವರ ಪ್ರತಿಕ್ರಿಯೆ ಶೇ. 12ರಷ್ಟು ಚುರುಕಾಗಿತ್ತು. 2014ರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಕಚೇರಿಗಳಲ್ಲಿ ನಡೆದ ಅಧ್ಯಯನವೊಂದು, ಬೋಳು ಕಚೇರಿಗೆ ಗಿಡಗಳನ್ನು ತಂದಿಟ್ಟ ಮೇಲೆ ಕೆಲಸದ ಉತ್ಪಾದಕತೆ ಶೇ. 15ರಷ್ಟು ಹೆಚ್ಚಿತೆಂದು ವರದಿ ಮಾಡಿತು. ಹೊರದೇಶದ ಈ ಅಂಕಿಗಳು ನಮ್ಮ ಅಂಗಡಿಗೆ ಹಾಗೆಯೇ ಹೊಂದುತ್ತವೆಂದು ಹೇಳಲಾಗದು. ಆದರೂ ದಿನವಿಡೀ ಲೆಕ್ಕದ ಪುಸ್ತಕ ಮತ್ತು ಕಂಪ್ಯೂಟರ್ ಪರದೆ ನೋಡುವ ಗುಮಾಸ್ತನಿಗೆ ಎದುರಿನ ಹಸಿರು ಒಂದು ವಿಶ್ರಾಂತಿ ಎಂಬುದು ಅನುಭವಕ್ಕೆ ನಿಲುಕುವ ಮಾತು.

ಇನ್ನೊಂದು ಲಾಭವನ್ನು ಹೆಚ್ಚಿನವರು ಗಮನಿಸಿಲ್ಲ. ಕುಂಡದ ಗಿಡ ಆ ಕೋಣೆಯ ಸ್ಥಿತಿಯನ್ನು ಮಾಲೀಕನಿಗೆ ತಿಳಿಸುತ್ತದೆ. ಸಂಡೂರಿನ ಅದಿರು ಹೊತ್ತ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ದಿನಗಳಲ್ಲಿ, ಅಂದರೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯುವ ಮೊದಲು, ರಸ್ತೆ ಬದಿಯ ಗಿಡಗಳ ಎಲೆಗಳು ಕೆಂಪಾಗಿರುತ್ತಿದ್ದುದನ್ನು ಈ ಭಾಗದ ಜನ ಮರೆತಿಲ್ಲ. ಒಳಾಂಗಣದ ಎಲೆಯೂ ಅದೇ ರೀತಿ ಸಾಕ್ಷಿ ಹೇಳುತ್ತದೆ. ಸೋಮವಾರ ಒರೆಸಿದ ಎಲೆಯ ಮೇಲೆ ಗುರುವಾರವೇ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿದ್ದರೆ ಅದೇ ಗಾಳಿಯನ್ನು ಕೆಲಸಗಾರರೂ ಉಸಿರಾಡಿದ್ದಾರೆಂದು ತಿಳಿಯಬೇಕು. ಎಲೆಯ ಮೇಲೆ ಕೂರುವುದು ದಪ್ಪ ಧೂಳು. ಶ್ವಾಸಕೋಶದ ಆಳಕ್ಕೆ ಇಳಿಯುವ ನುಣ್ಣನೆಯ ಧೂಳು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಎಲೆ ಸ್ವಚ್ಛವಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಎಲೆ ಕೊಳೆಯಾಗಿದ್ದರೆ ಸುಮ್ಮನಿರುವಂತೆಯೂ ಇಲ್ಲ.

ಗಿಡದ ಆಯ್ಕೆ

ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಷಿಯಸ್ ಆಸುಪಾಸಿಗೆ ಏರುವ ಈ ಪ್ರದೇಶದಲ್ಲಿ ಬಾಳುವ ಗಿಡಗಳನ್ನೇ ಆರಿಸಬೇಕು. ಕೋಣೆಯ ಬೆಳಕನ್ನು ಅಳೆಯಲು ಸುಲಭದ ಉಪಾಯವಿದೆ. ನಡುಹಗಲಿನಲ್ಲಿ ದೀಪವಿಲ್ಲದೆ ಅಲ್ಲಿ ದಿನಪತ್ರಿಕೆ ಓದಲು ಸಾಧ್ಯವಾಗದಿದ್ದರೆ ಆ ಜಾಗದಲ್ಲಿ ಯಾವ ಗಿಡವೂ ಬಹುಕಾಲ ನಿಲ್ಲದು.

• ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್: ಮಂದ ಬೆಳಕು, ಮರೆವಿನ ಮಾಲೀಕ ಎರಡನ್ನೂ ಸಹಿಸುತ್ತವೆ. ಮೊದಲ ಬಾರಿ ಗಿಡವಿಡುವವರಿಗೆ ಇವೇ ಯೋಗ್ಯ.
• ಮನಿ ಪ್ಲಾಂಟ್: ನೀರಿಗಿಂತ ಮಣ್ಣಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಸಾಧಾರಣ ಬೆಳಕು ಸಾಕು.
• ಅರಿಕಾ ಪಾಮ್: ಸ್ವಾಗತ ಕೊಠಡಿಗೆ ಶೋಭೆ. ಆದರೆ ಹೆಚ್ಚು ಬೆಳಕು, ಹೆಚ್ಚು ನೀರು ಬೇಡುತ್ತದೆ.
• ತುಳಸಿ, ಲೋಳೆಸರ: ಇವು ಬಿಸಿಲಿನ ಗಿಡಗಳು. ಬಾಗಿಲ ಹೊರಗೆ ಇಡುವುದೇ ಸರಿ, ಒಳಗಿಟ್ಟರೆ ಸೊರಗುತ್ತವೆ.

ಮನಿ ಪ್ಲಾಂಟ್ ಮತ್ತು ಡೈಫೆನ್‌ಬೇಕಿಯಾ ಗಿಡಗಳ ರಸದಲ್ಲಿ ಬಾಯಿ, ಗಂಟಲು ಉರಿಸುವ ಆಕ್ಸಲೇಟ್ ಹರಳುಗಳಿರುತ್ತವೆ. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೆಲ್ಲ, ಅಕ್ಕಿ, ತಿಂಡಿ ಮುಂತಾದವನ್ನು ತಯಾರಿಸುವ ಅಥವಾ ಕಟ್ಟುವ ಕೋಣೆಯಲ್ಲಿ ಕುಂಡವನ್ನೇ ಇಡಬಾರದು. ತೇವದ ಮಣ್ಣಿನಿಂದ ಇರುವೆ, ಬೂಷ್ಟು ಬರುತ್ತವೆ. ವಿದ್ಯುತ್ ಫಲಕದ ಬಳಿ, ಜನ ಹೊರಹೋಗುವ ದಾರಿಯಲ್ಲಿ ಸಹ ಕುಂಡ ಸಲ್ಲದು.

ಆರೈಕೆಯ ಕ್ರಮ

ಮಣ್ಣು: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಹುಳು ಗೊಬ್ಬರ, ಸ್ವಲ್ಪ ಮರಳು ಸೇರಿಸಿದ ಮಿಶ್ರಣ ಸಾಕು. ಕಪ್ಪು ಎರೆಮಣ್ಣನ್ನೇ ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಕುಂಡದ ತಳದಲ್ಲಿ ರಂಧ್ರ ಇರಲೇಬೇಕು.

ನೀರು: ಕಚೇರಿಯ ಗಿಡಗಳು ಬಾಯಾರಿಕೆಗಿಂತ ಅತಿ ನೀರಿನಿಂದಲೇ ಹೆಚ್ಚಾಗಿ ಸಾಯುತ್ತವೆ. ಬಂದವರೆಲ್ಲ ಉಳಿದ ನೀರನ್ನು ಕುಂಡಕ್ಕೆ ಸುರಿಯುವುದೇ ಇದಕ್ಕೆ ಕಾರಣ. ಬೆರಳನ್ನು ಒಂದು ಅಂಗುಲ ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಸ್ನೇಕ್ ಪ್ಲಾಂಟ್‌ಗೆ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಚಳಿಗಾಲ ಮತ್ತು ಮಳೆಗಾಲಗಳಲ್ಲಿ ಇನ್ನೂ ಕಡಿಮೆ.

ಕೊಳವೆ ಬಾವಿಯ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿಯ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಕುಡಿಯುವ ನೀರಿನ ಆರ್.ಒ. ಯಂತ್ರದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ಅದನ್ನು ನೆಲ ತೊಳೆಯಲು ಬಳಸಬಹುದು, ಕುಂಡಕ್ಕೆ ಬೇಡ. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿಲ್ಲದ ಕಾರಣ ಗಿಡಕ್ಕೆ ಆಗುತ್ತದೆ. ಆದರೆ ಅದರ ತಂಪು ಗಾಳಿ ನೇರವಾಗಿ ಎಲೆಗೆ ಬಡಿಯಬಾರದು.

ಎಲೆ: ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಬೇಕು. ಧೂಳು ಮುಚ್ಚಿದ ಎಲೆಗೆ ಬೆಳಕು ತಲುಪದು. ಎಣ್ಣೆ ಹಚ್ಚಿ ಹೊಳಪು ತರುವ ಅಭ್ಯಾಸ ತಪ್ಪು. ಅದು ಇನ್ನಷ್ಟು ಧೂಳನ್ನು ಹಿಡಿಯುತ್ತದೆ. ಹಿಟ್ಟು ತಿಗಣೆ ಕಂಡರೆ ಸೋಪಿನ ತೆಳು ನೀರಿನಿಂದ ತೊಳೆದು, ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸಬಹುದು.

ತಟ್ಟೆ: ಇದು ಎಲ್ಲಕ್ಕಿಂತ ಮುಖ್ಯ. ಕುಂಡದ ಕೆಳಗಿನ ತಟ್ಟೆಯಲ್ಲಿ, ಮನಿ ಪ್ಲಾಂಟ್ ಬಾಟಲಿಯಲ್ಲಿ ನಿಂತ ನೀರು ಡೆಂಗೆ ಹರಡುವ ಈಡಿಸ್ ಸೊಳ್ಳೆಯ ತವರು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಬೇಕು; ಅಂಚಿಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅಂದರೆ ವ್ಯಾಪಾರದ ವೇಳೆಯಲ್ಲಿಯೇ ಎಂಬುದನ್ನು ನೆನಪಿಡಬೇಕು.

ಹೊಣೆ ಒಬ್ಬರದಾಗಲಿ

ಎಲ್ಲರದೂ ಆದ ಗಿಡ ಯಾರದೂ ಅಲ್ಲದಾಗುತ್ತದೆ. ನೀರು ಹಾಕುವ, ಎಲೆ ಒರೆಸುವ, ತಟ್ಟೆ ತೊಳೆಯುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ, ವಾರದ ಒಂದು ದಿನವನ್ನು ಗೊತ್ತುಪಡಿಸುವುದು ಒಳ್ಳೆಯದು. ಅವರು ದೀಪಾವಳಿಗೆ ಊರಿಗೆ ಹೋದರೆ ಬದಲಿ ಯಾರು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಮೊದಲಿಗೆ ಮೂರು ಕುಂಡಗಳು ಸಾಕು. ಅವು ಮೂರು ತಿಂಗಳು ಚೆನ್ನಾಗಿ ಬಾಳಿದರೆ ಮುಂದೆ ಹೆಚ್ಚಿಸಬಹುದು.

ಎಲೆ ಒರೆಸಿದ ದಿನವೇ ಬಟ್ಟೆಗೆ ಅಂಟಿದ ಧೂಳನ್ನು ಮಾಲೀಕರು ಒಮ್ಮೆ ನೋಡಲಿ. ವಾರದಿಂದ ವಾರಕ್ಕೆ ಅದು ಹೆಚ್ಚುತ್ತಿದ್ದರೆ ಕೊಳ್ಳಬೇಕಾದದ್ದು ನಾಲ್ಕನೆಯ ಕುಂಡವಲ್ಲ, ಎಕ್ಸಾಸ್ಟ್ ಫ್ಯಾನ್.